ಮೊದಲು ಎಸ್‌ಎಸ್‌ಡಿ, ರ್‍ಯಾಮ್ ಆಮೇಲೆ

ನಿಮ್ಮ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ನಾಲ್ಕನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್ (ಕೆಲಸ ಮಾಡುವಾಗ ಬಳಸುವ ಮೆಮೊರಿ), ಹಳೇ ಹಾರ್ಡ್ ಡಿಸ್ಕ್ ಇವೆ. ಇದಕ್ಕೆ ರ್‍ಯಾಮ್ ಏರಿಸಲಾ, ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಡೇಟಾ ಇಡುವ ಡ್ರೈವ್) ಹಾಕಿಸಲಾ ಅಂತ ಕೇಳಿದ್ದೀರಿ. ಕಣ್ಣು ಮುಚ್ಚಿಕೊಂಡು ಎಸ್‌ಎಸ್‌ಡಿ ತಗೊಳ್ಳಿ. ಆನ್ ಮಾಡಿದ ಮೇಲೆ ತುಂಬಾ ಹೊತ್ತು ಕಾಯಬೇಕು ಅಂದಿದ್ದೀರಲ್ಲ, ಅದು ಬಹುಪಾಲು ಡಿಸ್ಕಿನ ಸಮಸ್ಯೆ. ಹಾರ್ಡ್ ಡಿಸ್ಕಿನಲ್ಲಿ ಒಂದೊಂದು ಸಣ್ಣ ಫೈಲಿಗೂ ಡೇಟಾ ಓದುವ ಹೆಡ್ ಅತ್ತಿತ್ತ ಓಡಾಡಬೇಕು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಅನುಮಾನ ಇದ್ದರೆ ವಿಂಡೋಸಿನಲ್ಲಿ ಯಾವುದು ಎಷ್ಟು ಬಳಕೆಯಲ್ಲಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಡಿಸ್ಕ್ 100% ತೋರಿಸುತ್ತಾ, ಮೆಮೊರಿ ಅರ್ಧ ಖಾಲಿ ಇದ್ದರೆ ರ್‍ಯಾಮ್‌ಗೆ ದುಡ್ಡು ಹಾಕುವುದು ಸುಮ್ನೆ ದಂಡ.

2.5 ಇಂಚಿನ ಸಾಟಾ (ಕೇಬಲ್ ಮೂಲಕ ಜೋಡಿಸುವ) ಮಾದರಿಯನ್ನೇ ಕೇಳಿ. ಆ ಕಾಲದ ಮದರ್‌ಬೋರ್ಡುಗಳಲ್ಲಿ ಎಂ.2 ಸ್ಲಾಟ್ (ಡ್ರೈವನ್ನು ಕೇಬಲ್ ಇಲ್ಲದೆ ನೇರ ಸಿಕ್ಕಿಸುವ ಜಾಗ) ಅಪರೂಪ. ಸಾಟಾ ಡೇಟಾ ಕೇಬಲ್ ಬೇರೆ ತಗೊಳ್ಳಿ, ಬಾಕ್ಸಿನಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಹಳೇ ಡಿಸ್ಕ್ ಚೆನ್ನಾಗಿದ್ದರೆ ಫೋಟೋ, ವಿಡಿಯೋ ಇಡಲು ಅಲ್ಲೇ ಇರಲಿ.

ಮುಂದೆ ರ್‍ಯಾಮ್ ಬೇಕೆನಿಸಿದರೆ ಡಿಡಿಆರ್3 ಎಂಬ ಹಳೇ ತಲೆಮಾರಿನದು ಮಾತ್ರ. ಅದರ ನಂತರದ ಡಿಡಿಆರ್4 ಈ ಸ್ಲಾಟಿನಲ್ಲಿ ಕೂರುವುದೇ ಇಲ್ಲ, ಕಚ್ಚಿನ ಜಾಗ ಬೇರೆ. ಇನ್ನೊಂದು ವಿಷಯ, ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಈ ಯಂತ್ರಕ್ಕೆ ಜಾಸ್ತಿ ಸುರಿಯಬೇಡಿ. ಎಸ್‌ಎಸ್‌ಡಿಯನ್ನಾದರೆ ಮುಂದಿನ ಕಂಪ್ಯೂಟರಿಗೂ ಹಾಕಿಕೊಳ್ಳಬಹುದು.