ಪರದೆಯ ಮೇಲೆ ಚಪ್ಪಟೆಯಾದ ಮೀಥೇನ್

ಪ್ರಶ್ನೆ: ಹಳೆಯ ಪಾಠಪುಟದಲ್ಲಿ ಅಣುವಿನ ಬದಲು ಬೂದು ಚೌಕವಷ್ಟೇ ಕಾಣುತ್ತದೆ. ಬ್ರೌಸರಿನಲ್ಲೇ ಅಣುವಿನ ಮಾದರಿ ತೋರಿಸುವ ಜೆಎಸ್‌ಮೋಲ್ ತಂತ್ರಾಂಶದ ಹೊಸ ಪುಟದಲ್ಲಿ ಮೀಥೇನ್ ಕಂಡರೂ ತಿರುಗಿಸಿದಾಗ ಕಾಗದದಂತೆ ಚಪ್ಪಟೆಯಾಗಿರುತ್ತದೆ. ಪೆನ್‌ಡ್ರೈವಿನಿಂದ ತೆರೆದರೆ ಅದೂ ಇಲ್ಲ. ಇದು ನಮ್ಮ ಕಂಪ್ಯೂಟರಿನ ದೋಷವೇ?
– ರಸಾಯನಶಾಸ್ತ್ರ ಅಧ್ಯಾಪಕಿ, ಕುಂಬಳೆ

ಉತ್ತರ: ಕಂಪ್ಯೂಟರಿನಲ್ಲಿ ದೋಷವಿರುವಂತೆ ತೋರುವುದಿಲ್ಲ. ಹಳೆಯ ಪುಟ ಜಾವಾ ಆಪ್ಲೆಟ್ಟನ್ನು, ಅಂದರೆ ಬ್ರೌಸರಿನೊಳಗೆ ಓಡುವ ಪುಟ್ಟ ಜಾವಾ ಪ್ರೋಗ್ರಾಮನ್ನು, ನಂಬಿಕೊಂಡದ್ದಿರಬೇಕು. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಅದಕ್ಕೆ ಬೆಂಬಲ ನಿಲ್ಲಿಸಿದ್ದರಿಂದ ಜಾವಾವನ್ನು ಮತ್ತೆ ಹಾಕಿಕೊಂಡು ಪ್ರಯೋಜನವಿಲ್ಲ.

ಚಪ್ಪಟೆ ಅಣುವಿನ ಕಾರಣ ಬಹುಮಟ್ಟಿಗೆ ಕಡತದಲ್ಲೇ ಇರುತ್ತದೆ. ಅಣುವಿನ ರಚನೆಯನ್ನು ಬರೆದಿಟ್ಟಿರುವ ನಿಮ್ಮ ಎಸ್‌ಡಿಎಫ್ (SDF) ಕಡತವನ್ನು ಸಾಮಾನ್ಯ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ನೋಡಿ: ಪ್ರತಿ ಪರಮಾಣುವಿನ ಸಾಲಿನ ಮೊದಲ ಮೂರು ಸಂಖ್ಯೆಗಳು ಅದರ ಸ್ಥಾನವನ್ನು ಹೇಳುತ್ತವೆ, ಮೂರನೆಯದು ಎಲ್ಲ ಸಾಲುಗಳಲ್ಲೂ 0.0000 ಎಂದಿದ್ದರೆ ಅದು ಎರಡು ಆಯಾಮದ ಚಿತ್ರದ ಕಡತ. ರಾಸಾಯನಿಕಗಳ ಮಾಹಿತಿ ಕೊಡುವ ಪಬ್‌ಕೆಮ್ ತಾಣದಲ್ಲಿ ಎರಡು ಮತ್ತು ಮೂರು ಆಯಾಮದ ಕಡತಗಳು ಬೇರೆಬೇರೆಯಾಗಿ ಸಿಗುತ್ತವೆ. ಮೂರು ಆಯಾಮದ್ದನ್ನೇ ಇಳಿಸಿಕೊಳ್ಳಿ. ಈ ಎಚ್ಚರ ತೀರಾ ಅಗತ್ಯ, ಏಕೆಂದರೆ ಮೀಥೇನಿನ ಬಂಧಕೋನ ಸುಮಾರು 109.5 ಡಿಗ್ರಿ, ಚಪ್ಪಟೆ ಚಿತ್ರ ನೋಡಿದ ವಿದ್ಯಾರ್ಥಿ ಅದನ್ನು 90 ಎಂದೇ ತಿಳಿಯುತ್ತಾನೆ. ಆ ತಪ್ಪನ್ನು ಮುಂದೆ ಅಳಿಸುವುದು ಕಷ್ಟ.

ಪೆನ್‌ಡ್ರೈವಿನ ಪುಟವನ್ನು ನೇರವಾಗಿ ಕ್ಲಿಕ್ಕಿಸಿ ತೆರೆದಾಗ, ಅದು ಪಕ್ಕದ ಕಡತಗಳನ್ನು ಓದದಂತೆ ಬ್ರೌಸರ್ ಸುರಕ್ಷತೆಗಾಗಿ ತಡೆಯುತ್ತದೆ. ಶಾಲೆಯ ಲಿನಕ್ಸ್ ಗಣಕದಲ್ಲಿ ಪೈಥಾನ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದರೊಡನೆ ಬರುವ ಪುಟ್ಟ ವೆಬ್ ಸರ್ವರನ್ನು ಆ ಫೋಲ್ಡರಿನಲ್ಲಿ ಚಾಲೂ ಮಾಡಿ, ಬ್ರೌಸರಿನಲ್ಲಿ ಅದೇ ಗಣಕವನ್ನು ಸೂಚಿಸುವ ಲೋಕಲ್‌ಹೋಸ್ಟ್ ವಿಳಾಸದ ನಂತರ 8000 ಎಂಬ ಪೋರ್ಟ್ ಸಂಖ್ಯೆ ಕೊಟ್ಟು (localhost:8000) ತೆರೆಯಿರಿ. ಜೆಎಸ್‌ಮೋಲ್‌ನ ಫೋಲ್ಡರ್ ಪೂರ್ತಿಯಾಗಿ ಅಲ್ಲಿದ್ದರೆ, ಮಳೆಗಾಲದಲ್ಲಿ ಇಂಟರ್‌ನೆಟ್ ಕೈಕೊಟ್ಟ ದಿನವೂ ಪಾಠ ನಡೆಸಬಹುದು.