ನಮ್ಮ ಸಭಾಪಾಲಕರು ತುಂಬಾ ದಣಿದಿದ್ದಾರೆ. ಅವರನ್ನು ಹುರಿದುಂಬಿಸಲು ಸಭೆಯವರು ಏನು ಮಾಡಬಹುದು? ಸನ್ಮಾನ ಇಡಬೇಕಾ, ವಿಶೇಷ ಪ್ರಾರ್ಥನೆ ಇಡಬೇಕಾ?

ಪ್ರಸಂಗ ಮುಗಿಸಿ ಕೆಳಗಿಳಿದ ಮೇಲೆ ಅವರು ಯಾರ ಮುಖವನ್ನೂ ನೋಡುವುದಿಲ್ಲ ಅಂತ ಬರೆದಿದ್ದೀರಿ. ನಮ್ಮ ಸಭಾಪಾಲಕರು, ಅಂದರೆ ನಮ್ಮ ಅಯ್ಯನವರೂ ಹಾಗೇ ಆಗಿದ್ದರು. ಧಾರವಾಡದ ಕಡೆ, ಬಾಸೆಲ್ ಮಿಷನ್ ಕಾಲದ ಹಳೆಯ ಸಭೆ. ನಾನು ಆಗ ಕಮಿಟಿಯ ಸೆಕ್ರೆಟರಿ.

ಡಿಸೆಂಬರ್ ಹೇಗಿರುತ್ತದೆ ನಿಮಗೂ ಗೊತ್ತು. ಕ್ರಿಸ್ಮಸ್‌ಗೆ ಮುಂಚಿನ ಆಡ್ವೆಂಟ್ ವಾರಗಳು ಶುರುವಾದರೆ ದಿನಾ ಸಂಜೆ ಒಂದೊಂದು ಮನೆಯಲ್ಲಿ ಪ್ರಾರ್ಥನೆ. ಆಮೇಲೆ ರಾತ್ರಿ ಎರಡರ ತನಕ ಕ್ಯಾರಲ್ಸ್. 24ರ ರಾತ್ರಿ, 25ರ ಬೆಳಿಗ್ಗೆ, 31ರ ರಾತ್ರಿ, ಒಂದನೇ ತಾರೀಖು ಕರ್ತನ ಭೋಜನದ ಆರಾಧನೆ. ಎರಡು ಹಳ್ಳಿಯ ಸಭೆಗಳೂ ಅವರದೇ. ಆ ವರ್ಷ ಅದರ ನಡುವೆಯೇ ಮೂರು ಸಾವಾದವು.

ಜನವರಿಯಲ್ಲಿ ಲೆಕ್ಕದ ಪುಸ್ತಕಕ್ಕೆ ಸಹಿ ಹಾಕಿಸಲು ಅವರ ಮನೆಗೆ ಹೋದೆ. ಸಹಿ ಹಾಕಿ, ಪುಸ್ತಕ ಕೈಯಲ್ಲೇ ಇಟ್ಟುಕೊಂಡು ಕೂತರು. ‘ಬ್ರದರ್, ಎರಡು ತಿಂಗಳಾಯಿತು, ಒಬ್ಬನೇ ಕೂತು ಪ್ರಾರ್ಥನೆ ಮಾಡಲು ಆಗುತ್ತಿಲ್ಲ. ಬಾಯಿ ತೆರೆದರೆ ಆರಾಧನೆ ಪುಸ್ತಕದ ಮಾತೇ ಬರುತ್ತದೆ’ ಅಂದರು.

ಮುಂದೆ ನಾನು ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ಬುಧವಾರದ ಕೂಟ. ಅವರು ಹಳ್ಳಿಗೆ ಹೋಗಿದ್ದರು. ‘ಅಯ್ಯನವರಿಗೋಸ್ಕರ ಪ್ರಾರ್ಥಿಸೋಣ, ಅವರಿಗೆ ಪ್ರಾರ್ಥನೆ ಮಾಡಲು ಆಗುತ್ತಿಲ್ಲವಂತೆ’ ಅಂದೆ. ಹನ್ನೊಂದು ಜನ ಇದ್ದರು. ಎಲ್ಲರೂ ಮನಸ್ಸಿಟ್ಟು ಪ್ರಾರ್ಥಿಸಿದರು, ಒಬ್ಬ ಅಜ್ಜಿ ಅತ್ತೇಬಿಟ್ಟರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ನನಗೂ ಇರಲಿಲ್ಲ. ಅದಕ್ಕೇ ಅದು ತಪ್ಪು ಅಂತ ಹೊಳೆಯಲೇ ಇಲ್ಲ. ದೇವರ ಮುಂದೆ ಇಟ್ಟೆ ಅಂದುಕೊಂಡೆ, ಇಟ್ಟದ್ದು ಹನ್ನೊಂದು ಜನರ ಮುಂದೆ. ಅವರು ಸೆಕ್ರೆಟರಿಗೆ ಹೇಳಿರಲಿಲ್ಲ, ನಂಬಿದ ಒಬ್ಬ ತಮ್ಮನಿಗೆ ಹೇಳಿದ್ದರು. ನಾನು ಅವರನ್ನು ಕೇಳಲೂ ಇಲ್ಲ.

ಭಾನುವಾರದ ಹೊತ್ತಿಗೆ ಆ ಮಾತು ‘ಅಯ್ಯನವರ ವಿಶ್ವಾಸ ಹೋಗಿದೆಯಂತೆ’ ಆಗಿತ್ತು. ಸಂಡೆ ಸ್ಕೂಲಿನಲ್ಲಿ ಅವರ ಹತ್ತು ವರ್ಷದ ಮಗಳನ್ನು ಯಾರೋ ‘ನಿಮ್ಮಪ್ಪ ಪ್ರಾರ್ಥನೆ ಮಾಡಲ್ವಂತೆ, ಹೌದಾ’ ಅಂತ ಕೇಳಿದರು. ಅಯ್ಯನವರು ನನ್ನನ್ನು ಬೈಯಲಿಲ್ಲ. ಮುಂದಿನ ಸಲ ಹೋದಾಗ ಬಾಗಿಲಲ್ಲೇ ಸಹಿ ಹಾಕಿ ಕೊಟ್ಟರು. ಮೇ ತಿಂಗಳಲ್ಲಿ ವರ್ಗ ಕೇಳಿಕೊಂಡು ಹೋದರು.

ಸನ್ಮಾನ ಇಡಬೇಕಾ, ವಿಶೇಷ ಪ್ರಾರ್ಥನೆ ಇಡಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಹುರಿದುಂಬಿಸುವುದೇ ಬೇಡ. ಸನ್ಮಾನ ಅಂದರೆ ಅವರು ಇನ್ನೊಂದು ಸಂಜೆ ಬಂದು ನಗಬೇಕು, ಕೊನೆಗೆ ಎರಡು ಮಾತನ್ನೂ ಆಡಬೇಕು. ಬೈಬಲಿನ 1 ಅರಸುಗಳು 19 ಓದಿ. ‘ಸಾಕು’ ಅಂತ ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಪ್ರಸಂಗ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿದ್ದೂ ಊಟಕ್ಕೇ.

ಅವರ ಕೈಯಿಂದ ಕೆಲಸ ಇಳಿಸಿ. ಈಸ್ಟರ್‌ಗೆ ಮುಂಚಿನ ಲೆಂಟ್ ಕಾಲ ಬರುತ್ತಿದೆ. ಗುಡ್ ಫ್ರೈಡೇ ದಿನ ಮೂರು ತಾಸಿನ ಆರಾಧನೆಯಲ್ಲಿ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನೂ ಅವರೇ ವಿವರಿಸಬೇಕಾ? ಏಳು ಜನರನ್ನು ಈಗಲೇ ಗೊತ್ತುಮಾಡಿ. ಬುಧವಾರದ ಕೂಟ ಹಿರಿಯರು ನಡೆಸಲಿ. ಮೋಶೆ ‘ನನ್ನೊಬ್ಬನಿಂದ ಆಗದು’ ಅಂದಾಗ ದೇವರು ಅವನಿಗೆ ಇನ್ನಷ್ಟು ಶಕ್ತಿ ಕೊಟ್ಟು ಕಳಿಸಲಿಲ್ಲ, 70 ಹಿರಿಯರ ಹೆಗಲಿಗೆ ಭಾರ ಹಂಚಿದರು. ಬೈಬಲಿನ ಅರಣ್ಯಕಾಂಡ 11ರಲ್ಲಿದೆ. ಅವರಿಗೆ ನಿದ್ದೆಯೇ ಬರುತ್ತಿಲ್ಲ ಅಂದರೆ ಡಾಕ್ಟರ ಹತ್ತಿರ ಜೊತೆಗೆ ಹೋಗಿ. ಬೇಕಿದ್ದರೆ ಬೇರೆ ಊರಿನಲ್ಲಿ ತೋರಿಸಿ.

ಅಮ್ಮನವರನ್ನೂ, ಅಂದರೆ ಅವರ ಹೆಂಡತಿಯನ್ನೂ, ಒಮ್ಮೆ ಕೇಳಿ, ‘ಯಾವ ಕೆಲಸ ಕಮ್ಮಿ ಮಾಡಲಿ’ ಅಂತ. ನಮ್ಮಲ್ಲಿ ಈಗಿರುವ ಅಯ್ಯನವರ ಮನೆಯಲ್ಲಿ ಕೇಳಿದಾಗ ‘ಸೋಮವಾರದ ಫೋನ್’ ಅಂದರು. ಅವತ್ತಿನಿಂದ ಸೋಮವಾರ ಅವರ ಫೋನ್ ನನ್ನ ಅಂಗಡಿಯ ಮೇಜಿನ ಮೇಲೆ ಇರುತ್ತದೆ. ಸಾವಿನ ಸುದ್ದಿ ಬಂದರೆ ಮಾತ್ರ ನಾನು ಸೈಕಲ್ ಹತ್ತುತ್ತೇನೆ.