ಕೆಮ್ಮಿದರೆ ಮೂತ್ರ ಜಾರುತ್ತದೆ, ಚಪ್ಪಲಿ ಕಾರಣವೇ?

ಪ್ರಶ್ನೆ: ನನಗೆ 36 ವರ್ಷ. ಮಂಗಳೂರಿನ ಹಂಪನಕಟ್ಟೆಯ ಸೀರೆ ಅಂಗಡಿಯೊಂದರಲ್ಲಿ ಕೆಲಸ. ದಿನವಿಡೀ ಹೀಲ್ಸ್ ಹಾಕಿಕೊಂಡು ನಿಂತೇ ಇರಬೇಕು. ಎರಡನೇ ಹೆರಿಗೆಯ ನಂತರ ಕೆಮ್ಮಿದರೆ, ಸೀನಿದರೆ, ಸೀರೆಯ ಕಟ್ಟು ಎತ್ತಿದರೆ ಮೂತ್ರ ಜಾರುತ್ತದೆ. ಬಾಣಂತಿಯಾಗಿದ್ದಾಗ ತಣ್ಣನೆಯ ನೆಲದಲ್ಲಿ ಬರಿಗಾಲಲ್ಲಿ ಓಡಾಡಿದ್ದೇ ಕಾರಣ ಎನ್ನುತ್ತಾರೆ ಅತ್ತೆ. ಹೀಲ್ಸ್‌ನಿಂದ ಆ ಭಾಗದ ಸ್ನಾಯುಗಳಿಗೆ ಒಳ್ಳೆಯದಂತೆ ಎಂದು ಗೆಳತಿ ಮೊಬೈಲಿನಲ್ಲಿ ತೋರಿಸಿದಳು. ಯಾರನ್ನು ನಂಬಲಿ? ಮಧ್ಯಾಹ್ನದವರೆಗೆ ನೀರನ್ನೇ ಕುಡಿಯದೆ ಹೇಗೋ ಸುಧಾರಿಸುತ್ತಿದ್ದೇನೆ.
– ಹೆಸರು ಬೇಡ, ಮಂಗಳೂರು

ಉತ್ತರ: ಉಡುಪಿಯ ನನ್ನ ಫಿಸಿಯೋಥೆರಪಿ ಕೊಠಡಿಗೆ ಸೊಂಟ ನೋವೆಂದು ಬರುವ ಎಷ್ಟೋ ಹೆಂಗಸರು ಹೊರಡುವಾಗ ಬಾಗಿಲ ಬಳಿ ನಿಂತು, ದನಿ ತಗ್ಗಿಸಿ ಹೇಳುವ ಮಾತಿದು. ನೀವು ನೇರವಾಗಿ ಬರೆದಿದ್ದೀರಿ, ಒಳ್ಳೆಯದಾಯಿತು.

ಅತ್ತೆಯವರ ನೆಲ ನಿರಪರಾಧಿ. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ತೊಟ್ಟಿಲ ಬಟ್ಟೆಯಂತೆ ಹೊತ್ತಿರುವ ಸ್ನಾಯುಗಳಿಗೆ ಪೆಲ್ವಿಕ್ ಫ್ಲೋರ್ ಎನ್ನುತ್ತೇವೆ. ಬಸಿರು, ಹೆರಿಗೆಗಳಲ್ಲಿ ಅವು ಹಿಗ್ಗಿ ಸಡಿಲಗೊಳ್ಳುತ್ತವೆ. ಮಲಬದ್ಧತೆ, ಮಳೆಗಾಲವಿಡೀ ಬಿಡದ ಕೆಮ್ಮು, ಭಾರ ಎತ್ತುವ ಕೆಲಸ ಸೇರಿದರೆ ಇನ್ನಷ್ಟು ಸೋಲುತ್ತವೆ.

ಗೆಳತಿ ತೋರಿಸಿದ್ದು ಪೂರ್ತಿ ಕಟ್ಟುಕಥೆಯಲ್ಲ. ಇಟಲಿಯ ವೆರೋನಾದ ಮೂತ್ರರೋಗ ತಜ್ಞೆ ಮರಿಯಾ ಚೆರುಟೊ 2008ರಲ್ಲಿ, 50 ವರ್ಷದೊಳಗಿನ 66 ಮಹಿಳೆಯರನ್ನು ಪರೀಕ್ಷಿಸಿ, ಹಿಮ್ಮಡಿ ಸುಮಾರು 5 ಸೆಂಟಿಮೀಟರ್ ಎತ್ತರದಲ್ಲಿದ್ದಾಗ ಈ ಸ್ನಾಯುಗಳ ವಿದ್ಯುತ್ ಚಟುವಟಿಕೆ ಕಡಿಮೆಯಾಗುತ್ತದೆ ಎಂದರು. ಸ್ನಾಯು ಸಡಿಲಗೊಂಡಿತು ಎಂಬುದು ಇದರ ಅರ್ಥವೇ ಹೊರತು ಬಲಗೊಂಡಿತು ಎಂದಲ್ಲ. ಪತ್ರಿಕೆಗಳಿಗೆ ಅಷ್ಟೇ ಸಾಕಾಯಿತು, ಹೀಲ್ಸ್ ಔಷಧವಾಗಿಬಿಟ್ಟಿತು! ಮೂತ್ರ ಜಾರುವ ಮಹಿಳೆಯರನ್ನೇ ಪರೀಕ್ಷಿಸಿದ ತೈವಾನಿನ 2005ರ ಅಧ್ಯಯನದಲ್ಲಿ, ಪಾದದ ಮುಂಭಾಗ ಮೇಲೆತ್ತಿದಾಗ ಇದೇ ಸ್ನಾಯುಗಳು ಹೆಚ್ಚು ಬಿಗಿದವು. ಪಾದದ ಕೋನಕ್ಕೂ ಇವಕ್ಕೂ ಸಂಬಂಧವಿದೆ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಚಪ್ಪಲಿ ಬದಲಿಸಿದರೆ ಮೂತ್ರ ಜಾರುವುದು ನಿಲ್ಲುತ್ತದೆ ಎಂದು ಎರಡೂ ಅಧ್ಯಯನಗಳು ಸಾಧಿಸಿಲ್ಲ. ಆದರೂ ಅಷ್ಟು ಹೊತ್ತು ನಿಲ್ಲುವವರು ಅಗಲ ಹಿಮ್ಮಡಿಯ, ಹಿಂದೆ ಪಟ್ಟಿಯಿರುವ ತಗ್ಗು ಚಪ್ಪಲಿ ಹಾಕುವುದೇ ಮೇಲು, ಸೊಂಟದ ಸಲುವಾಗಿ.

ನಿಮ್ಮ ಸ್ನಾಯುಗಳಿಗೆ ಬೇಕಾಗಿರುವುದು ವ್ಯಾಯಾಮ. ಅಮೆರಿಕದ ವೈದ್ಯ ಅರ್ನಾಲ್ಡ್ ಕೆಗೆಲ್ 1948ರಲ್ಲೇ ಅದನ್ನು ಪ್ರಕಟಿಸಿದರು. ಗಾಳಿ ಹೋಗದಂತೆ ಹಿಂದೆ, ಮೂತ್ರ ಹೋಗದಂತೆ ಮುಂದೆ, ಒಟ್ಟಿಗೇ ಬಿಗಿದು ಮೇಲಕ್ಕೆ ಎಳೆದುಕೊಳ್ಳಿ. ಐದು ಎಣಿಸುವಷ್ಟು ಹಿಡಿದು ಪೂರ್ತಿ ಸಡಿಲಬಿಡಿ. ಕ್ರಮೇಣ ಹತ್ತರವರೆಗೆ ಹಿಡಿಯಬಹುದು. ಒಂದು ಸಲಕ್ಕೆ ಎಂಟು ಹತ್ತು ಬಾರಿ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಬಹುತೇಕರು ಉಸಿರು ಬಿಗಿಹಿಡಿದು, ಪೃಷ್ಠ ಹಿಂಡಿ, ಆಯಿತು ಎಂದುಕೊಳ್ಳುತ್ತಾರೆ. ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಳ್ಳಿ. ಹೊಟ್ಟೆ ಗಟ್ಟಿಯಾದರೆ, ತೊಡೆ ಬಿಗಿದರೆ ಬೇರೆಯದೇ ಸ್ನಾಯು ದುಡಿಯುತ್ತಿದೆ ಎಂದರ್ಥ. ಮೂತ್ರ ಮಾಡುವಾಗ ನಡುವೆ ತಡೆಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಕೌಂಟರಿನ ಹಿಂದೆ ನಿಂತೇ ಇದನ್ನು ಮಾಡಬಹುದು, ಗಿರಾಕಿಗೆ ಗೊತ್ತೇ ಆಗದು. ಸೀನು ಬರುವ ಮೊದಲು, ಕಟ್ಟು ಎತ್ತುವ ಮೊದಲು ಬಿಗಿದುಕೊಂಡರೆ ಅರ್ಧ ಮುಜುಗರ ಅಲ್ಲೇ ತಪ್ಪುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಸಿಟ್ಟು ಬರಿಸಿದ್ದು ನೀರಿನ ಸಂಗತಿ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲಬದ್ಧತೆಯೂ ಹೆಚ್ಚುತ್ತದೆ. ಮಂಗಳೂರಿನ ಸೆಕೆಯಲ್ಲಂತೂ ಇದು ತೀರ ಅವಿವೇಕ. ಬಿಡುವು ಕೇಳಿ ಶೌಚಾಲಯಕ್ಕೆ ಹೋಗಿ, ಅದು ಉಪಕಾರವಲ್ಲ.

ಉರಿಮೂತ್ರ, ಮೂತ್ರದಲ್ಲಿ ರಕ್ತ, ಕೆಳಗೆ ಏನೋ ಜಗ್ಗಿದಂತೆ ಅನಿಸುವುದು – ಇವುಗಳಲ್ಲಿ ಒಂದಿದ್ದರೂ ಮೂರು ತಿಂಗಳು ಕಾಯಬೇಡಿ. ನಿಮ್ಮ ಅಂಗಡಿಯಿಂದ ಲೇಡಿ ಗೋಷನ್ ಆಸ್ಪತ್ರೆ ದೂರವೇನಲ್ಲ. ಸ್ತ್ರೀರೋಗ ವಿಭಾಗದಲ್ಲಿ ತೋರಿಸಿ.